ಒಂದು ಇಳಿ

ಪರೀಕ್ಷಾ ವಿಭಾಗ, ಎರಡನೇ ಮಹಡಿ, ಕಿಟಕಿಯ ತುಂಬ ಕೋಲಾರದ ಬೆಟ್ಟ.
ಒಂಬತ್ತು ವರ್ಷದಿಂದ ಇಲ್ಲಿ ಕೂತು
ಬೇರೆಯವರ ಪದವಿಗಳನ್ನು ಬೆರಳಚ್ಚು ಮಾಡುತ್ತೇನೆ.
ಬಿ.ಎ., ಬಿ.ಕಾಂ. ಎಂದರೆ ಬೆರಳಿಗೇ ಗೊತ್ತು.
ಹೊಸ ಕೋರ್ಸು ಬಂತು. ಖಾನೆ ಸಾಲದಷ್ಟು ಉದ್ದದ ಹೆಸರು:
ಅಂತರಶಿಸ್ತೀಯ ಉದಾರ ಕಲೆ
ಮತ್ತು ಅಂತರರಾಷ್ಟ್ರೀಯ ಅಧ್ಯಯನ.

ಅಟೆಂಡರ್ ನಾರೆಪ್ಪ ಎರಡು ಸಲ ಓದಿಸಿ ಕೇಳಿ
‘ಸಾರ್, ನಮ್ಗೆ ಗೊತ್ತಿರೋ ಅಂತರ ಒಂದೇ,
ಅಗೋ ಅಲ್ಲಿ, ಅಂತರಗಂಗೆ’ ಎಂದ.
ಕಲ್ಲು ಬಸವನ ಬಾಯಿಂದ ನೀರು.
ಎಲ್ಲಿಂದ ಬರುತ್ತದೋ ಕಂಡವರಿಲ್ಲ,
ಬಿಂದಿಗೆ ಮಾತ್ರ ತುಂಬುತ್ತದೆ.

ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ,
ಟೀ ಅಂಗಡಿಯಲ್ಲಿ ಉರ್ದು, ಕೆ.ಜಿ.ಎಫ್. ಬೀಗರ ಹತ್ತಿರ ತಮಿಳು.
ಆ ಕೋರ್ಸನ್ನು ಅವನೇ ಪಾಠ ಮಾಡಬಹುದಿತ್ತು.
ನಾನು ಹೇಳಲಿಲ್ಲ, ಅವನು ಚಹಾ ತರಲು ಹೋದ.

ಹನ್ನೊಂದು ಮಂದಿ ಪಾಸಾದರು.
ಘಟಿಕೋತ್ಸವದ ವಾರ, ತಲೆಯ ಮೇಲೆ ಮೂರು ಸಾವಿರ ಪ್ರಮಾಣಪತ್ರ,
ಪ್ರಿಂಟರಿಗೆ ಕೆಮ್ಮು.
ಗೌನು, ಪದಕ, ಗಣ್ಯರ ಗೋಡಂಬಿ ಎಲ್ಲ ಮುಗಿದು
ಮರುದಿನ ಫೋನು: ‘ನೋಡಿದಿರೇನ್ರೀ?’
ನೋಡಿದೆ. ಹನ್ನೊಂದರಲ್ಲೂ,
ಕುಲಪತಿಗಳ ಹಸಿರು ಸಹಿಯ ನೆತ್ತಿಗೆ, ದಪ್ಪಕ್ಷರದಲ್ಲಿ:
ಉದರ ಕಲೆ.

ದ-ಕ್ಕೆ ಇಳಿ ಕೊಟ್ಟರೆ ದಾ.
ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ಕಿವಿ ಹಿಂಡಿ ಕಲಿಸಿದ್ದು
ಮೂರು ಸಾವಿರದ ಭರದಲ್ಲಿ ಜಾರಿತ್ತು.
ಹೊಟ್ಟೆಯ ಕಲೆ. ಇಲ್ಲಾ, ಹೊಟ್ಟೆಯ ಮೇಲಿನ ಕಲೆ.
ಕುಲಸಚಿವರು ಬೈದದ್ದನ್ನು ಬರೆಯುವುದಿಲ್ಲ,
ಅದೂ ಅಂತರಶಿಸ್ತೀಯವಾಗಿತ್ತು.

ಹತ್ತು ಜನ ಬಂದು ಬದಲಿಸಿಕೊಂಡು ಹೋದರು.
ಶ್ರೀನಿವಾಸಪುರದ ಹುಡುಗನೊಬ್ಬ, ‘ನಮ್ಮಜ್ಜ ಮೊದಲೇ ಹೇಳಿದ್ದ,
ಎಲ್ಲಾ ಬಿಟ್ಟ ಮಗ ಭಂಗಿ ನೆಟ್ಟ ಅಂತ’ ಎಂದು ನಕ್ಕ.
ಹನ್ನೊಂದನೆಯವಳು ಜಬೀನಾ. ಶಿಡ್ಲಘಟ್ಟದಿಂದ,
ಚಿಂತಾಮಣಿಯಲ್ಲಿ ಬಸ್ಸು ಬದಲಿಸಿ,
ಕೌಂಟರು ಮುಚ್ಚುವ ಹೊತ್ತಿಗೆ ಬಂದಳು.
ಬ್ಯಾಗಿನಿಂದ ಹೊರಬಂದ ಕಾಗದಕ್ಕೂ ಬೆಂದ ಹುಳುವಿನ ವಾಸನೆ.
‘ಸಾರ್, ಇದನ್ನೇ ಇಟ್ಕೊಳ್ಳಲಾ?’

ಅಪ್ಪ ರೀಲರ್.
ಕುದಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ
ಬೆರಳಿನ ಗೆರೆಗಳು ಅಳಿಸಿ,
ರೇಷನ್ ಅಂಗಡಿಯ ಯಂತ್ರ ಅವರನ್ನು ಗುರುತಿಸುವುದಿಲ್ಲ.
ಅವಳ ಪ್ರಾಜೆಕ್ಟು ಒಂದೇ ಒಂದು ಗೂಡಿನ ಮೇಲೆ, ಎಂಬತ್ತು ಪುಟ:
ಹಿಪ್ಪುನೇರಳೆ ಸೊಪ್ಪಿನ ರಸಾಯನ,
ಎಳೆ ಕಡಿದಾಗ ರೀಲರುಗಳು ಉರ್ದುವಿನಲ್ಲಿ ಹಾಕುವ ಶಾಪ,
ಸಮುದ್ರದಾಚೆ ಇಬ್ಬರು ಮಂತ್ರಿಗಳು ಸುಂಕಕ್ಕೆ ಸಹಿ ಹಾಕಿದ ದಿನ
ಮಾರುಕಟ್ಟೆಯ ಬೋರ್ಡಿನಲ್ಲಿ ಕಿಲೋಗೆ ಎಷ್ಟು ಇಳಿಯಿತು,
ಅವತ್ತು ರಾತ್ರಿ ಅವಳ ಮನೆಯಲ್ಲಿ ಯಾರು ಯಾರು ಉಂಡರು.
ಕೊನೆಯದು ಅಡಿಟಿಪ್ಪಣಿ. ಮಾರ್ಗದರ್ಶಕರು ತೆಗೆಸಿದರಂತೆ.

‘ಹುಳ ಹೊಟ್ಟೆಯಿಂದ ತೆಗೀತದೆ ಸಾರ್ ನೂಲು.
ಕಲೆ ಬಿದ್ದ ಗೂಡಿಗೆ ಅರ್ಧ ರೇಟು.
ನಾನು ಓದಿದ್ದು ಇದೇ. ನೀವು ಬರೆದದ್ದೇ ಸರಿ.’

ನಿಯಮ ಹದಿನಾಲ್ಕು: ದೋಷಯುಕ್ತ ಪ್ರತಿಯನ್ನು ಹಿಂಪಡೆದು
ಅಡ್ಡಗೆರೆ ಎಳೆದು, ರದ್ದು ಎಂದು ಒತ್ತಿ, ಕಡತಕ್ಕೆ.
ಹೇಳಿದೆ. ವಾದಿಸಲಿಲ್ಲ.
ಫೋನಿನಲ್ಲಿ ಒಂದು ಫೋಟೊ ತೆಗೆದುಕೊಂಡು
ಹೊಸದರ ಇಳಿಯನ್ನು ಉಗುರಿನಿಂದ ಮುಟ್ಟಿ
‘ಈಗ ಉದಾರ ಆಯ್ತು’ ಅಂದಳು.
ವ್ಯಂಗ್ಯವೋ ಅಲ್ಲವೋ ತಿಳಿಯಲಿಲ್ಲ.
ಮುಂದೇನಮ್ಮ ಎಂದೆ.
‘ಐದು ಗಂಟೆ ಬಸ್ಸು.’

ನಾರೆಪ್ಪ ಬೀಗದ ಕೈ ಕುಣಿಸುತ್ತ ನಿಂತಿದ್ದ.
ರಿಜಿಸ್ಟರಿನಲ್ಲಿ ದೋಷದ ವಿವರ ಎಂಬ ಖಾನೆ,
ಹತ್ತು ಸಲ ‘ಮುದ್ರಣ ದೋಷ’ ಎಂದು ಬರೆದಿದ್ದೆ.
ಹನ್ನೊಂದನೆಯ ಸಾಲಿನಲ್ಲಿ ಪೆನ್ನು ಕೊಂಚ ನಿಂತು
ಬರೆಯಿತು: ಒಂದು ಇಳಿ ಬಿಟ್ಟಿದೆ.

ಮೊಹರಿನ ನೇರಳೆ ಮಸಿ ಹೆಬ್ಬೆರಳಿಗೆ ಮೆತ್ತಿತ್ತು.
ನಲ್ಲಿಯ ಕೆಳಗೆ ಹಿಡಿದು ಉಜ್ಜಿದೆ.
ಗೆರೆಗಳು, ಒಂದೊಂದೂ, ಕಂಡವು.