ಪುಟ ನಲವತ್ತೊಂದು

ಪುಟ ನಲವತ್ತೊಂದರ ಅಂಚಿನಲ್ಲಿ
'ಅಪ್ರಸ್ತುತ' ಎಂದು ಕೆಂಪಿನಲ್ಲಿ ಬರೆದವಳು ನಾನೇ.

ಮಾರ್ವೆನ್ ಬರೆದ ಎಂ.ಎಸ್ಸಿ. ಪ್ರಬಂಧ.
ವಿಷಯ: ಎಪ್ಪತ್ತು ದಾಟಿದವರ ವ್ಯಾಯಾಮ.
ಡಂಡೀ ಊರಿನ ಹದಿನೈದು ಮಹಡಿಯ ಕಟ್ಟಡದಲ್ಲಿ
ಬಾಗಿಲು ಬಾಗಿಲು ತಟ್ಟಿ ಕೇಳಿದ್ದಾಳೆ,
ಪ್ರಶ್ನೆ ಏಳು: ಕಳೆದ ವಾರ ಎಷ್ಟು ಹೊತ್ತು ಬಿರುಸಾಗಿ ನಡೆದಿರಿ?

ಹನ್ನೊಂದನೇ ಮಹಡಿಯ ಇಸೊಬೆಲ್ ರೆನ್ನಿ
ಏದುಸಿರು ಇಳಿಯುವ ತನಕ ಬೆರಳೆತ್ತಿ ಕಾಯಿಸಿದಳಂತೆ.
ಆಮೇಲೆ: 'ಲಿಫ್ಟ್ ಕೆಟ್ಟು ಇಪ್ಪತ್ತಾರು ದಿನ.
ಆಲೂಗಡ್ಡೆ ಚೀಲ ಏಳನೇ ಮಹಡಿಯಲ್ಲೇ ಕೂತಿದೆ.
ಮೊದಲು ಅದನ್ನು ತಂದುಕೊಡು ಮಗೂ,
ನಿನ್ನ ಪ್ರಶ್ನೆ ಎಲ್ಲಿಗೂ ಓಡಿಹೋಗುವುದಿಲ್ಲ.'

ತಂದುಕೊಟ್ಟಳು. ಅದನ್ನೂ ಬರೆದಿದ್ದಾಳೆ,
ತೂಕದ ಸಮೇತ: ಐದು ಕೇಜಿ.
ಉತ್ತರದ ಚೌಕ ಖಾಲಿ.

ನನ್ನ ಕೋಣೆಗೆ ಬಂದವಳು ಕೂರಲೂ ಇಲ್ಲ:
'ನಡಿಗೆಯ ಲಾಭದ ಕರಪತ್ರ ಅಚ್ಚಾಗಿದೆಯಲ್ಲ,
ಅದನ್ನು ಮೇಲಕ್ಕೆ ಹೊರುವವರು ಯಾರು?'

ಇಪ್ಪತ್ತು ವರ್ಷ ಆರೋಗ್ಯವರ್ಧನೆಯ ಪಾಠ ಹೇಳಿದವಳು
ಆ ಸಂಜೆ ವಸತಿ ಕಚೇರಿಗೆ ಫೋನು ಹಚ್ಚಿದೆ.
ಸರದಿಯಲ್ಲಿ ನೀವು ಹದಿನಾಲ್ಕನೆಯವರು, ಎಂದಿತು ಯಂತ್ರ.
ಕಾಯುತ್ತ
ಆ ಕೆಂಪು ಪದದ ಮೇಲೆ ರಬ್ಬರು ಉಜ್ಜಿದೆ.
ಶಾಯಿ. ಹೋಗಲಿಲ್ಲ.
ಕಾಗದ ಅಲ್ಲಿ ಕೊಂಚ ತೆಳುವಾಯಿತು, ಅಷ್ಟೆ.