ಎಳೆ

ಕುಕ್ಕೋಲಾದಲ್ಲಿ ಒಂದೇ ನದಿಗೆ ಎರಡು ದೇಶ.
ಅಪ್ಪ ಈ ದಡದವನು, ಅಮ್ಮ ಆ ದಡದವಳು,
ಮದುವೆಗೆ ಒಂದು ದೋಣಿ ಸಾಕಾಯಿತು.
ಇಬ್ಬರ ಮೈಯಲ್ಲೂ ಒಂದೊಂದು ತಪ್ಪಕ್ಷರ
ಯಾರಿಗೂ ನೋವು ಕೊಡದೆ ಕೂತಿತ್ತು.
ಎರಡೂ ಒಂದೇ ಮಗುವಿಗೆ ಬಿದ್ದರೆ ಮಾತ್ರ
ತಪ್ಪು ತಪ್ಪೆಂದು ಓದಿಸಿಕೊಳ್ಳುತ್ತದಂತೆ.
ನಾಲ್ಕರಲ್ಲಿ ಒಂದು, ಅಂದರು ಉಮಿಯೋದ ಆಸ್ಪತ್ರೆಯಲ್ಲಿ.
ಕಾಲು ಪಾಲು.
ನನ್ನ ತಮ್ಮ ತೌನೋನ ಕಾಲಿಗೇ ಬಂತು.

ಮೊದಲು ಎಡ ಪಾದ.
ಹೊಳೆಯ ಮೇಲೆ ಕಟ್ಟಿದ ಹಲಗೆಯಟ್ಟದಲ್ಲಿ ನಿಂತು
ಉದ್ದ ಕೋಲುಬಲೆಯನ್ನು ಹರಿವಿನ ಗುಂಟ ಬಿಟ್ಟು
ಸೀಕಾ ಮೀನು ಎತ್ತುತ್ತಿದ್ದವನು
ಒಂದು ಜುಲೈ ರಾತ್ರಿ
(ರಾತ್ರಿ ಅಂತ ಗಡಿಯಾರ ನೋಡಿ ಹೇಳಬೇಕು, ಸೂರ್ಯ ಹೇಳುವುದಿಲ್ಲ)
ಎಡವಿದ. ಹಲಗೆ ಎದ್ದಿದೆ ಅಂದ.
ಮಾರನೇ ದಿನ ಸುತ್ತಿಗೆ ತಂದು
ಏಳದೇ ಇದ್ದ ಹಲಗೆಗೆ ನಾಲ್ಕು ಮೊಳೆ ಹೊಡೆದ.

ನರ ಸಾಯುವಾಗ ಸದ್ದು ಮಾಡುವುದಿಲ್ಲ,
ಎಳೆ ಬಿಡುತ್ತದೆ, ಅಂದರು ಡಾಕ್ಟರ್ ಇಲ್ವಾ.
ಹಳೇ ಹಗ್ಗ ಸವೆದರೆ ನೀರಲ್ಲಿ ನಾರು ತೇಲುವುದಿಲ್ಲವೇ, ಹಾಗೆ.
ರಕ್ತದಲ್ಲಿ ಅದು ಬರುತ್ತದೆ. ನಾವು ಎಣಿಸುತ್ತೇವೆ.

ನೂರಾ ಹದಿನಾರು, ಮೊದಲ ಚೀಟಿ.
ಆಮೇಲೆ ನಾಲ್ಕು ವಾರಕ್ಕೊಮ್ಮೆ ಬಸ್ಸು, ದಿನವಿಡೀ ಪೈನ್ ಮರ,
ಮಗ್ಗುಲಾಗಿ ಮಲಗಿ ಮಂಡಿ ಎದೆಗೊತ್ತಿ
ಬೆನ್ನ ಸಂದಿಗೆ ಸೂಜಿ.
ಏಪ್ರಿಲ್‌ನಲ್ಲಿ ಮೂರು ಸಲ ಬಿದ್ದ.
ಅದೇ ಏಪ್ರಿಲ್‌ನ ಚೀಟಿ: ನಲವತ್ತೆಂಟು.
ತೋರಿಸುವಾಗ ಇಲ್ವಾರ ಕತ್ತಿನ ತನಕ ಕೆಂಪೇರಿತ್ತು.
ತೌನೋ ಚೀಟಿ ನೋಡಿದ, ಪಾದ ನೋಡಿದ,
"ಇದು ಇಳಿದಿದೆ ಅಂತ ಇದಕ್ಕೆ ಯಾರು ಹೇಳುತ್ತಾರೆ?"
ಯಾರೂ ನಗಲಿಲ್ಲ. ಕೊನೆಗೆ ಅವನೇ ನಕ್ಕ.

ಹೋದದ್ದು ಬರುತ್ತದೆಂದು ಮಾತು ಕೊಡಲಾರೆ, ಅಂದರು ಇಲ್ವಾ.
ಆದರೆ ಈ ಅಂಕಿ ಇಲ್ಲದಿದ್ದರೆ
ನೀವು ಬಿದ್ದದ್ದನ್ನೇ ನಂಬಿ ಔಷಧ ನಿಲ್ಲಿಸಿಬಿಡುತ್ತಿದ್ದೆ.

ಬರುವಾಗ ಬಸ್ಸಿನಲ್ಲಿ ಅವನು ನಿದ್ದೆ ಹೋದ, ನಾನು ಹೋಗಲಿಲ್ಲ.
ನೊರೆಯಡಿ ಮೀನು ಎಂದಾದರೂ ಕಂಡಿದೆಯೇ ನಮಗೆ?
ಕೋಲಿನುದ್ದಕ್ಕೂ ಹತ್ತಿ ಅಂಗೈಗೆ ಬರುವ
ಒಂದು ತಟ್ಟು, ಅಷ್ಟೇ.
ಕಂಡಮೇಲೆ ಎತ್ತುತ್ತೇನೆ ಅಂದವರ ಮನೆಯಲ್ಲಿ
ಒಲೆ ಹೊಗೆಯಾಡಿದ್ದಿಲ್ಲ.

ಇನ್ನೊಂದು ವಿಷಯ. ಬರೆಯುವುದು ಬೇಡವೆಂದಿದ್ದೆ.
ಆ ಕಾಲು ಪಾಲು ನನಗೂ ಬಿದ್ದಿದೆ.
ಚಳಿಗಾಲವಿಡೀ ಹಿಮ ತಳ್ಳುವ ಗಾಡಿ ಓಡಿಸುತ್ತೇನೆ,
ಕ್ಲಚ್ಚು ಹೇಳಿದ ಹಾಗೆ ಕೇಳುತ್ತದೆ,
ಮೆಟ್ಟಿಲು ಎರಡೆರಡು ಹತ್ತುತ್ತೇನೆ.
ತಿಂಗಳಿಗೊಂದು ಸೀಸೆ ರಕ್ತ, ತಿಂಗಳಿಗೊಂದು ಅಂಕಿ:
ಒಂಬತ್ತು. ಹತ್ತು. ಒಂಬತ್ತು.
ಮೇ ತಿಂಗಳು ಹತ್ತೊಂಬತ್ತು.
ಜೂನ್, ಇಪ್ಪತ್ತಮೂರು.
ಗೆರೆ ದಾಟಿದೆ, ಈಗಲೇ ಶುರು ಮಾಡೋಣ, ಅಂದರು ಇಲ್ವಾ.
ಏನನ್ನು? ನನಗೇನೂ ಆಗಿಲ್ಲವಲ್ಲ.
ಹೌದು, ಅದಕ್ಕೇ.

ಮನೆಯ ಮೆಟ್ಟಿಲ ಮೇಲೆ ಆ ರಾತ್ರಿ
ಒಂದೊಂದೇ ಹತ್ತಿ ನೋಡಿದೆ, ಎಣಿಸುತ್ತ, ಕಳ್ಳಿಯ ಹಾಗೆ.

ಈಗ ತೌನೋ ಅಟ್ಟದ ಮೇಲೆ ಕುರ್ಚಿಯಲ್ಲಿ,
ಕುರ್ಚಿಯನ್ನು ಕಂಬಕ್ಕೆ ಕಟ್ಟಿದ್ದೇವೆ.
ಕೋಲಿನ ತುದಿಗೆ ಅವನ ಕೈ, ಹಿಂದೆ ನನ್ನ ಕೈ.
ತಟ್ಟು ಅವನಿಗೇ ಮೊದಲು ತಿಳಿಯುತ್ತದೆ, ಈಗಲೂ.
"ಎಳೆ!" ಅನ್ನುತ್ತಾನೆ.
ಆ ಪದಕ್ಕೆ ಒಂದು ಕ್ಷಣ
ನನ್ನ ಕೈ ತಡೆಯಿತು.
"ಏನಾಯ್ತು ಸಿರ್ಕಾ?"
ಹೇಳಿದೆ.

ಮೀನು ಹೋಗಿತ್ತು. ನೀರು ಸುರಿಯುವ ಬಲೆಯನ್ನು
ತುಂಬಾ ಹೊತ್ತು ನೋಡಿದ.
"ನಿನ್ನದು ಇಪ್ಪತ್ತಮೂರು, ನನ್ನದು ಮೊನ್ನೆ ನಲವತ್ತು.
ನಾನು ಇಳಿದು ಬರುತ್ತೇನೆ, ನೀನು ಅಲ್ಲೇ ನಿಂತಿರು."
ಆಮೇಲೆ, ಬಲೆಯನ್ನು ಮತ್ತೆ ಹರಿವಿಗೆ ಬಿಡುತ್ತ,
"ಬಸ್ಸಿನಲ್ಲಿ ಕಿಟಕಿ ಪಕ್ಕ ಮಾತ್ರ
ನನ್ನದೇ."