ಎರಡು ಪರದೆ

ನಮ್ಮ ಹುಳುಮನೆಗೆ ಯಾರೂ ಸುಮ್ಮನೆ ನುಗ್ಗುವಂತಿಲ್ಲ.
ಹೊಸ್ತಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ; ತುಳಿದೇ ಬರಬೇಕು.
ಶಿಡ್ಲಘಟ್ಟದಿಂದ ಬಂದ ಬೀಗರಾದರೂ ಸರಿ,
ಕೈ ತೊಳೆಯದೆ ತಟ್ಟೆ ಮುಟ್ಟಿದರೆ
ನನ್ನ ಬಾಯಿ ಸುಮ್ಮನಿರುವುದಿಲ್ಲ.
ಕಿಟಕಿಗೆ, ಬಾಗಿಲಿಗೆ, ಸೂರಿನ ಸಂದಿಗೆ ನೈಲಾನ್ ಪರದೆ,
ಊಜಿ ನೊಣ ಬಂದೀತೆಂದು.
ಅದು ಕಚ್ಚುವುದಿಲ್ಲ, ಕುಟುಕುವುದಿಲ್ಲ,
ಹುಳುವಿನ ಮೈಮೇಲೆ ಸಾಸಿವೆಗಿಂತ ಸಣ್ಣ ಮೊಟ್ಟೆಯೊಂದಿಟ್ಟು
ಹೋಗುತ್ತದೆ.
ಆಮೇಲೂ ಹುಳು ಸೊಪ್ಪು ತಿನ್ನುತ್ತಲೇ ಇರುತ್ತದೆ,
ಏನೂ ಆಗದ ಹಾಗೆ.

ಆ ರಾತ್ರಿ ನಾಲ್ಕನೇ ಜ್ವರ ಎದ್ದಿದ್ದವು.
ಸೊಪ್ಪಿನ ಮಂಕರಿ ಹೊತ್ತು ಹಜಾರ ದಾಟುವಾಗ
ನಮ್ಮ ಜಶ್ವಿತನ ನಗು.
ತಮ್ಮ ಮುನಿಕೃಷ್ಣ ಯಾರದೋ ಕೈಯಿಂದ ಅಗ್ಗಕ್ಕೆ ತಂದ ಗೇಮಿನ ಪೆಟ್ಟಿಗೆ
ಟಿವಿಗೆ ಚುಚ್ಚಿದೆ, ಹುಡುಗನ ಕಿವಿಗೆ ಹೆಡ್‌ಫೋನು.
ಮನೆಯಲ್ಲೇ ಇದ್ದಾನಲ್ಲ, ಕಣ್ಣೆದುರೇ ಇದ್ದಾನಲ್ಲ,
ಕೆರೆ ಕಡೆ ಹೋಗಲಿಲ್ಲ, ಮೇಲೂರಿನ ಹುಡುಗರ ಬೈಕು ಹತ್ತಲಿಲ್ಲ,
ನಾನೂ ಹಾಗೇ ಅಂದುಕೊಂಡಿದ್ದೆ.

"ಇಲ್ಲಣ್ಣ, ಅಮ್ಮ ಹುಳುಮನೇಲಿದಾಳೆ,
ಬರೋದು ಹನ್ನೊಂದಾಗುತ್ತೆ.
ಅಪ್ಪನಾ? ಚಿಂತಾಮಣಿ ಕಡೆ ಸೊಪ್ಪಿಗೆ ಹೋದೋನು
ಇನ್ನೂ ಬಂದಿಲ್ಲ."

ಯಾವ ಅಣ್ಣ?
ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಇವನೊಬ್ಬನೇ.

ಮಂಕರಿ ಇಳಿಸಿ ಪಕ್ಕದಲ್ಲಿ ಕೂತೆ.
ವೈರು ಕಿತ್ತೆಸೆಯಲು ಕೈ ತುರಿಸಿತು, ಸುಳ್ಳು ಹೇಳಲಾರೆ.
ಆದರೆ ತಟ್ಟೆ ಅಲುಗಾಡಿಸಿದರೆ ಹುಳು ಉಣ್ಣುವುದನ್ನೇ ಬಿಡುತ್ತದೆ,
ಅಷ್ಟು ನನಗೆ ಗೊತ್ತು.
"ನಂಗೂ ಒಂದು ಕೊಡೋ" ಅಂದೆ.
ಸೊಪ್ಪಿನ ಹಾಲಂಟಿದ ಬೆರಳು; ಯಾವ ಗುಂಡಿ ಒತ್ತಿದರೂ
ನನ್ನ ಗೊಂಬೆ ಹೋಗಿ ಗೋಡೆಗೇ ಹಾಯುತ್ತಿತ್ತು.
ಮೂರು ಸಲ ಸತ್ತೆ. ಬಿದ್ದು ಬಿದ್ದು ನಕ್ಕ.
ನಾಲ್ಕನೇ ಸಲ ಸಾಯುವ ಮುಂಚೆ ಕೇಳಿದೆ,
ಆ ಅಣ್ಣನ ಹೆಸರೇನು?

ಹೆಸರಿಲ್ಲ. ತೋಳದ ಮುಖ, ಅದರ ಮುಂದೆ ಎರಡು ಸೊನ್ನೆ.
ಚಿನ್ನದ ಕತ್ತಿ ಕೊಡಿಸಿದಾನೆ, ದುಡ್ಡು ಬೇಡ ಅಂದ.
ಸ್ಕೂಲು ಕೇಳಿದ, ಹೇಳಿದೆ.
ಯೂನಿಫಾರ್ಮಿನ ಬಣ್ಣ ಕೇಳಿದ, ಅದನ್ನೂ.
ಫೋಟೋ ಕೇಳ್ತಿದಾನೆ.
"ಕಳಿಸಿದೆಯಾ?"
"ನಾಳೆ ಅಂದಿದೀನಿ."
ಆಮೇಲೆ, ನನ್ನ ಸೆರಗಿನ ತುದಿ ಸುತ್ತುತ್ತಾ,
"ಅಮ್ಮಂಗೆ ಹೇಳಬೇಡ ಅಂದಿದಾನೆ."

ಒಳಗೆ ಹುಳು ಹಸಿದು ತಲೆ ಎತ್ತಿದ್ದವು.
ಕಾಯಲಿ, ಅನ್ನಿಸಿದ್ದು ಅದೇ ಮೊದಲು.

ಮಾರನೇ ದಿನ ಹೈಸ್ಕೂಲಿನ ಶಬೀನಾ ಮೇಡಂ ಮನೆಗೇ ಬಂದರು.
ತೋಳದ ಮಾತನ್ನೆಲ್ಲ ಫೋಟೋ ಹಿಡಿದು, ಠಾಣೆಗೊಂದು ಪ್ರತಿ ತೆಗೆದಿಟ್ಟು,
ಆಮೇಲೆ ಅದರ ಬಾಯಿ ಮುಚ್ಚಿಸಿದರು.
ಇನ್ನು ಗೊತ್ತಿದ್ದವರ ಜೊತೆ ಮಾತ್ರ ಮಾತು,
ಒಂಬತ್ತಕ್ಕೆ ತಾನೇ ಆರುತ್ತದೆ ಪೆಟ್ಟಿಗೆ.
ಬೀಗಕ್ಕೆ ನಾಲ್ಕು ಅಂಕಿ.
ಹೋದ ಸಲದ ಗೂಡಿನ ತೂಕ ಇರಬೇಕು ಅಂತ ಜಶ್ವಿತ್ ಒತ್ತಿ ನೋಡಿದ. ಅಲ್ಲ.
ಇಲ್ಲಿ ಬರೆಯುವುದೂ ಇಲ್ಲ.
"ಇಷ್ಟು ಸಾಕಾ ಮೇಡಂ?" ಅಂದೆ.
"ನಿಮ್ಮ ಹುಳುಮನೆಗೆ ಪರದೆ ಒಂದೇ ಸಾಕಾ?" ಅಂದರು.
ಎಲ್ಲಿ ಸಾಕಾಗುತ್ತದೆ.
ದಿನಾ ಒಂದೊಂದು ತಟ್ಟೆಗೂ ಬಗ್ಗಿ ನೋಡಬೇಕು.

ನಾಲ್ಕು ದಿನ ಮುಖ ಊದಿಸಿಕೊಂಡಿದ್ದ.
ಚಿನ್ನದ ಕತ್ತಿ ಹೋಯಿತಲ್ಲ.
ಜ್ವರಕ್ಕೆ ಕೂತ ಹುಳುವೂ ಹೀಗೇ,
ಉಣ್ಣದು, ಅಲ್ಲಾಡದು.
ಆಗ ಮುಟ್ಟಬಾರದು, ಸೊಪ್ಪೂ ಹಾಕಬಾರದು,
ಗಾಳಿಯಾಡಲು ಬಿಟ್ಟು ಹತ್ತಿರದಲ್ಲಿ ಎಲ್ಲಾದರೂ ಇರಬೇಕು.

ವಾರ ತುಂಬಿದ ಸಂಜೆ
ಹಣ್ಣಾದ ಹುಳು ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದೆ.
ಸುಣ್ಣ ತುಳಿದು, ಕೈ ತೊಳೆದು, ಒಳಗೆ ಬಂದ.
"ಅಮ್ಮಾ, ಯಾರೋ ಫ್ರೆಂಡ್ ಆಗು ಅಂತ ಕಳಿಸಿದಾರೆ.
ಗೊತ್ತಿಲ್ಲದೋರು. ನಾನು ಒತ್ತಿಲ್ಲ.
ನೀನೇ ಬಂದು ನೋಡ್ತೀಯಾ?"

ನನ್ನ ಬೆರಳಲ್ಲೊಂದು ಹುಳುವಿತ್ತು,
ದೀಪಕ್ಕೆ ಹಿಡಿದರೆ ಆಚೆ ಕಾಣುವಷ್ಟು ತಿಳಿ.
ಅವನ ಅಂಗೈಗೆ ಇಳಿಸಿದೆ.
"ಮೆತ್ತಗೆ. ಇದನ್ನ ಆ ಸಾಲಿಗೆ ಬಿಡು, ಬಂದೆ."